ನೆಲಮಾಳಿಗೆಯ ಲೆಕ್ಕ

ಬೆಂಗಳೂರಿನಿಂದ ಬಂದ ನೆಂಟರನ್ನು ನಮ್ಮ ನೆಲಮಾಳಿಗೆಗೆ ಇಳಿಸಿದರೆ ಮೊದಲು ಬರುವ ಮಾತು, "ಅಯ್ಯೋ, ಎಷ್ಟು ಚಂದ!" ಹಿಂದೆಯೇ ಫೋನು ಹೊರಬರುತ್ತದೆ. ಚಂದವೇನೋ ಹೌದು. ಟೊಮೆಟೊದ ಕೆಂಪು, ಪೀಚ್ ಹಣ್ಣಿನ ಹಳದಿ, ಬೀಟ್‌ರೂಟಿನ ಕಡುನೇರಳೆ ಎಲ್ಲ ಗಾಜಿನ ಜಾಡಿಗಳಲ್ಲಿ ಸಾಲಾಗಿ ನಿಂತು ಬಲ್ಬಿನ ಬೆಳಕಿಗೆ ಹೊಳೆಯುತ್ತವೆ. ನನಗೆ ಮಾತ್ರ ಅಲ್ಲಿ ಕಾಣುವುದು ಜೂನ್‌ನಿಂದ ಅಕ್ಟೋಬರ್‌ವರೆಗಿನ ಸೊಂಟನೋವು.

ನಾನಿರುವುದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ. ಬಂದು 16 ವರ್ಷವಾಯಿತು. ಹಿತ್ತಿಲ ಬೇಲಿಯಾಚೆ ಆಮಿಶ್ ಎಂಬ ಕ್ರೈಸ್ತ ಪಂಗಡದ ಒಂದು ಕುಟುಂಬದ ಹೊಲ. ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಕಡೆಯಿಂದ, ತಮ್ಮ ಧರ್ಮದ ಕಾರಣಕ್ಕೆ ಕಿರುಕುಳ ತಿಂದು, 18ನೇ ಶತಮಾನದ ಮೊದಲ ಭಾಗದಲ್ಲಿ ವಿಲಿಯಂ ಪೆನ್ನನ ವಸಾಹತಿಗೆ ಬಂದವರ ಸಂತತಿ. ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ, ಮನೆಗೆ ವಿದ್ಯುತ್ ತಂತಿ ಎಳೆಸುವುದಿಲ್ಲ, ಮನೆಯೊಳಗೆ ಪೆನ್ಸಿಲ್ವೇನಿಯಾ ಡಚ್ ಮಾತಾಡುತ್ತಾರೆ. ಹೆಸರು ಡಚ್, ಭಾಷೆ ಜರ್ಮನಿನ ಒಂದು ಬಗೆ. ತಮ್ಮವರಲ್ಲದ ಎಲ್ಲರೂ ಅವರಿಗೆ 'ಇಂಗ್ಲಿಷ್'. ಶಿರಸಿ ಕಡೆಯ ಹವ್ಯಕರ ಹೆಂಗಸನ್ನು ಇಂಗ್ಲಿಷರವಳು ಎಂದು ಕರೆದವರು ಈ ಪ್ರಪಂಚದಲ್ಲಿ ಅವರಷ್ಟೇ ಇರಬೇಕು.

ಆ ಮನೆಯ ಅಜ್ಜಿ ಮಗನ ಸಂಸಾರಕ್ಕೆ ದೊಡ್ಡ ಮನೆ ಬಿಟ್ಟುಕೊಟ್ಟು, ಅದಕ್ಕೇ ಅಂಟಿಸಿ ಕಟ್ಟಿದ ಚಿಕ್ಕ ಮನೆಯಲ್ಲಿದ್ದಾರೆ. ಅವರಲ್ಲಿ ಎಷ್ಟೇ ದೊಡ್ಡವರಾದರೂ ಹೆಸರು ಹಿಡಿದೇ ಕರೆಯುವುದು ರೂಢಿ. ನನಗೆ ಬಾಯಿ ಬರಲಿಲ್ಲ. ಮೊಮ್ಮಕ್ಕಳು ಕರೆಯುವಂತೆ ನಾನೂ ಮಾಮ್ಮಿ ಎಂದೆ. ಅವರು ನಕ್ಕು ಒಪ್ಪಿಕೊಂಡರು. ಕೆಳಗಿರುವ ಪಾಠಗಳಲ್ಲಿ ಹೆಚ್ಚಿನವು ಅವರ ಅಡುಗೆಮನೆಯಲ್ಲಿ ಕಲಿತದ್ದು. ಒಂದೆರಡು ನಾನೇ ಕೆಡಿಸಿ ಕಲಿತದ್ದು.

1. ಮೊದಲು ಜಾಡಿ ಎಣಿಸಿ, ಆಮೇಲೆ ಬೀಜ ಬಿತ್ತಿ

ಹಣ್ಣು ತರಕಾರಿಯನ್ನು ಜಾಡಿಗೆ ಕಟ್ಟಿಡುವ ಕೆಲಸ ಆಗಸ್ಟ್‌ನಲ್ಲಿ ಶುರುವಾಗುತ್ತದೆ ಎಂದುಕೊಂಡಿದ್ದೆ. ಮಾಮ್ಮಿಗೆ ಅದು ಮಾರ್ಚ್‌ನಲ್ಲಿ ಶುರು. ಹೊರಗೆ ಇನ್ನೂ ಮಂಜು ಇರುವಾಗ ನೆಲಮಾಳಿಗೆಗೆ ಇಳಿದು ಉಳಿದ ಜಾಡಿ ಎಷ್ಟು, ಖಾಲಿಯಾದದ್ದು ಎಷ್ಟು ಎಂದು ಎಣಿಸಿ ಬಾಗಿಲ ಹಿಂಬದಿಗೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಲೆಕ್ಕ ಸರಳ. ವಾರಕ್ಕೆ ಎರಡು ಕ್ವಾರ್ಟ್ ಸೇಬಿನ ಸಾಸ್ ಖರ್ಚಾಗುವ ಮನೆಗೆ ವರ್ಷಕ್ಕೆ 104 ಬೇಕು. ಒಂದು ಕ್ವಾರ್ಟ್ ಎಂದರೆ ಒಂದು ಲೀಟರಿಗೆ ಸ್ವಲ್ಪ ಕಡಿಮೆ. ಟೊಮೆಟೊ ರಸ ಎಷ್ಟು, ಪೀಚ್ ಎಷ್ಟು, ಬೀನ್ಸ್ ಎಷ್ಟು ಎಂದು ಹೀಗೇ ಬರೆದು, ಅದರ ಮೇಲೆ ತೋಟದಲ್ಲಿ ಯಾವುದಕ್ಕೆ ಎಷ್ಟು ಸಾಲು ಎಂದು ತೀರ್ಮಾನಿಸುತ್ತಾರೆ. ಅಂದರೆ ತೋಟದ ನಕ್ಷೆ ಬರುವುದು ಬಾಗಿಲ ಹಿಂದಿನಿಂದ.

ನಾನು ಮಾಡಿದ್ದು ತಿರುಗಾಮುರುಗಾ. ಮೊದಲ ವರ್ಷ ಕೈಗೆ ಸಿಕ್ಕಿದ್ದನ್ನೆಲ್ಲ ಬೆಳೆಸಿ, ಬೆಳೆದದ್ದನ್ನೆಲ್ಲ ಜಾಡಿಗೆ ತುಂಬಿದೆ. ಚೌಚೌ ಎಂಬ ಸಿಹಿಹುಳಿ ತರಕಾರಿ ಉಪ್ಪಿನಕಾಯಿಯೇ 36 ಜಾಡಿ. ನಾಲ್ಕು ಜನರ ಮನೆ. ಮೂರು ವರ್ಷ ತಿಂದೆವು. ಮಗ ಈಗಲೂ ಅದರ ಹೆಸರೆತ್ತಿದರೆ ಊಟ ಬಿಟ್ಟು ಏಳುತ್ತಾನೆ.

2. ಉಪ್ಪಿನ ಕೆಲಸ ಉಪ್ಪಿಗೆ, ಶಾಖದ ಕೆಲಸ ಶಾಖಕ್ಕೆ

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ನಮ್ಮ ಕಡೆಯಿಂದ ಬಂದವರು ಎಡವುವುದು ಇಲ್ಲೇ. ನನಗೆ ಅಹಂಕಾರವಿತ್ತು. ಆಯಿ, ಅಂದರೆ ನನ್ನ ಅಮ್ಮ, ಅಪ್ಪೆ ಮಿಡಿ ಹಾಕಿಟ್ಟ ಭರಣಿಗಳ ನಡುವೆ ಬೆಳೆದವಳು. ಒದ್ದೆ ಕೈ ತಾಗಿಸಬಾರದು, ಹಸಿ ಸೌಟು ಹಾಕಬಾರದು, ಬಾಯಿಗೆ ಬಟ್ಟೆ ಕಟ್ಟಬೇಕು, ಇಷ್ಟೆಲ್ಲ ಗೊತ್ತಿದ್ದವಳಿಗೆ ಇವರೇನು ಹೇಳಿಕೊಡುವುದು? ಎರಡನೇ ಬೇಸಿಗೆಯಲ್ಲಿ ಬೀನ್ಸ್ ಬೇಯಿಸಿ, ಸಾಸಿವೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಮೇಲೆ ಒಂದು ಪದರ ಎಣ್ಣೆ ನಿಲ್ಲಿಸಿ, ಮುಚ್ಚಳ ತಿರುಗಿಸಿ, ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆದೆ. ಒಂಬತ್ತು ಜಾಡಿ. ಹೆಮ್ಮೆಯಿಂದ ಮಾಮ್ಮಿಗೆ ತೋರಿಸಿದೆ.

"ಎಷ್ಟು ಹೊತ್ತು ಪ್ರೆಶರ್ ಕೊಟ್ಟೆ?" ಎಂದರು.

"ಪ್ರೆಶರ್ ಇಲ್ಲ, ಕುದಿಸಿದ್ದು."

ಬೈಯಲಿಲ್ಲ. ಒಂದು ಚೀಲ ಕೇಳಿದರು. ಒಂಬತ್ತನ್ನೂ ಮುಚ್ಚಳ ತೆಗೆಯದೆಯೇ ಅದರಲ್ಲಿಟ್ಟು ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿಸಿದರು. "ನೋಡಿದರೆ ಗೊತ್ತಾಗುವುದಿಲ್ಲ, ಮೂಸಿದರೂ ಗೊತ್ತಾಗುವುದಿಲ್ಲ," ಎಂದಷ್ಟೇ ಹೇಳಿದರು.

ಅವರು ಹೆದರಿದ್ದು ಬಾಟ್ಯುಲಿಸಂಗೆ. ಮಣ್ಣಿನಲ್ಲಿ ಸಹಜವಾಗಿ ಇರುವ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿಗೆ ಜಗ್ಗುವುದಿಲ್ಲ. ಗಾಳಿಯಾಡದ, ಹುಳಿಯಿಲ್ಲದ, ತೇವದ ಜಾಗ ಸಿಕ್ಕರೆ ಮೊಳೆತು ವಿಷ ಉಗುಳುತ್ತವೆ. ಮುಚ್ಚಿದ ಜಾಡಿಯಲ್ಲಿ ಎಣ್ಣೆಯ ಕೆಳಗಿನ ಬೀನ್ಸ್ ಅದಕ್ಕೆ ಹೇಳಿ ಮಾಡಿಸಿದ ಮನೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಅಂದರೆ ಸಾಕಷ್ಟು ಹುಳಿಯಿದ್ದರೆ, ಅದು ಬೆಳೆಯಲಾರದು. ಆದ್ದರಿಂದ ಸೇಬು, ಪೀಚ್, ವಿನೆಗರ್ ಹಾಕಿದ ಉಪ್ಪಿನಕಾಯಿಗಳಿಗೆ ಕುದಿಯುವ ನೀರು ಸಾಕು. ಬೀನ್ಸ್, ಜೋಳ, ಕ್ಯಾರೆಟ್‌ಗಳಿಗೆ ಸುಮಾರು 116 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಬಿಸಿ ಒತ್ತಡದ ಹಬೆಯಲ್ಲಿ ಮಾತ್ರ ಸಿಗುತ್ತದೆ, ಅದಕ್ಕೆಂದೇ ಜಾಡಿಗಳನ್ನಿಟ್ಟು ಬಿಗಿಯಾಗಿ ಮುಚ್ಚುವ ಪ್ರೆಶರ್ ಕ್ಯಾನರ್ ಎಂಬ ಪಾತ್ರೆ ಇದೆ. ಕ್ವಾರ್ಟ್ ಜಾಡಿಯ ಬೀನ್ಸ್‌ಗೆ ಹತ್ತು ಪೌಂಡ್ ಒತ್ತಡದಲ್ಲಿ 25 ನಿಮಿಷ, ಒಂದು ನಿಮಿಷವೂ ಕಡಿಮೆಯಿಲ್ಲ. ಟೊಮೆಟೊ ಗಡಿಯ ಮೇಲೆ ಕೂತ ಹಣ್ಣು, ಅದನ್ನು ನಂಬುವ ಹಾಗಿಲ್ಲ. ಪ್ರತಿ ಕ್ವಾರ್ಟಿಗೆ ಎರಡು ಟೇಬಲ್ ಚಮಚ ನಿಂಬೆರಸ ಬೀಳಲೇಬೇಕು, ಅದೂ ಅಂಗಡಿಯ ಬಾಟಲಿಯದು. ಮರದ ನಿಂಬೆಯ ಹುಳಿ ಒಂದರಂತೆ ಇನ್ನೊಂದು ಇರುವುದಿಲ್ಲ.

ಆಯಿಯ ಮಿಡಿ ಕೆಡದಿರುವುದು ಉಪ್ಪಿನ ಬಲದಿಂದ, ಹುಳಿಯ ಬಲದಿಂದ. ನನ್ನ ಬೀನ್ಸ್‌ನಲ್ಲಿ ಎರಡೂ ಇರಲಿಲ್ಲ, ಎಣ್ಣೆ ಒಗ್ಗರಣೆಗಳ ವೇಷ ಮಾತ್ರ ಇತ್ತು. ಮುಂದೊಮ್ಮೆ ಆಯಿ ಇಲ್ಲಿಗೆ ಬಂದಾಗ ಮಾಮ್ಮಿಯ ಜಾಡಿಯ ರುಚಿ ನೋಡಿ, "ಇಷ್ಟೇ ಉಪ್ಪಾ? ಹಾಳಾಗ್ತಲೇ ಕೂಸೇ," ಎಂದು ಗಾಬರಿಯಾದಳು. ಮಾಮ್ಮಿ ಆಯಿಯ ಮಿಡಿಯನ್ನು ನಾಲಿಗೆಗೆ ತಾಗಿಸಿ ಒಂದು ಲೋಟ ನೀರು ಕುಡಿದರು. ಅವರವರ ಕಾವಲುಗಾರ ಅವರವರಿಗೆ.

ಇನ್ನೊಂದು ಮಾತು. ಮಾಮ್ಮಿಯ ತಾಯಿಯ ಕಾಲದಲ್ಲಿ ಬೀನ್ಸ್ ಜಾಡಿಗಳನ್ನು ಮೂರು ಗಂಟೆ ನೀರಿನಲ್ಲಿ ಕುದಿಸುತ್ತಿದ್ದರಂತೆ. ಹಾಗೆ ಮಾಡಿ ಬದುಕಿದವರು ಬಹಳ ಮಂದಿ ಇದ್ದಾರೆ, ನಿಜ. ಆದರೂ ಅದು ಸಾಲದು. ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ಕ್ರಮವನ್ನೂ ನಾನು ಹಿಡಿದುಕೊಳ್ಳುವುದಿಲ್ಲ, ಮಾಮ್ಮಿಯೂ ಹಿಡಿದುಕೊಳ್ಳಲಿಲ್ಲ.

3. 'ಸಸ್ಯಾಹಾರಿ' ಎಂದು ಹೇಳಿ ಸುಮ್ಮನಾಗಬೇಡಿ

ಇಲ್ಲಿಯ ಅಡುಗೆಯಲ್ಲಿ ಹಂದಿ ಎಲ್ಲಿ ಅಡಗಿರುತ್ತದೆ ಎಂದು ಹೇಳಲಾಗದು. ಬೀನ್ಸ್ ಬೇಯಿಸಿದ ನೀರಿನಲ್ಲಿ ಹ್ಯಾಮ್ ಮೂಳೆ. ಒಣಗಿಸಿದ ಸೇಬಿನ ಚೂರಿಗೆ ಶ್ನಿಟ್ಸ್ ಎನ್ನುತ್ತಾರೆ. ಅದನ್ನು ಹಿಟ್ಟಿನ ಉಂಡೆಗಳ ಜೊತೆ ಬೇಯಿಸುವ 'ಶ್ನಿಟ್ಸ್ ಉನ್ ನೆಪ್' ಹೆಸರು ಕೇಳಿದರೆ ಪಾಯಸವೇನೋ ಅನ್ನಿಸುತ್ತದೆ, ಅದರಲ್ಲೂ ಹ್ಯಾಮ್. ಪೈನ ಹೊರಪದರ ಪದರಪದರವಾಗಿ ಬಿಡುವುದು ಹಂದಿಯ ಕೊಬ್ಬಿನಿಂದ. ಹೊಸವರ್ಷದ ದಿನ ಹುಳಿಬರಿಸಿದ ಎಲೆಕೋಸನ್ನು ಹಂದಿಮಾಂಸದೊಡನೆ ತಿಂದರೆ ವರ್ಷವಿಡೀ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಈ ಸೀಮೆಯಲ್ಲೆಲ್ಲ ಇದೆ.

ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಮಾಮ್ಮಿಯ ಸೊಸೆ ಬಹಳ ಕಾಳಜಿಯಿಂದ ಕೋಳಿ ಮಾಡಿದ್ದಳು. ಈಗ ನಾನು ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಯಾವ ಕೊಬ್ಬು ಹಾಕಿದ್ದೀರಿ?" ಅದಕ್ಕೆ ನೇರ ಉತ್ತರ ಸಿಗುತ್ತದೆ. ಹುಳಿ ಎಲೆಕೋಸನ್ನು ನಾನೂ ಹಾಕುತ್ತೇನೆ. ಸಣ್ಣಗೆ ಹೆಚ್ಚಿದ ಕೋಸಿನ ತೂಕಕ್ಕೆ ನೂರಕ್ಕೆ ಎರಡೂಕಾಲರಿಂದ ಎರಡೂವರೆ ಪಾಲು ಉಪ್ಪು, ಅಯೋಡಿನ್ ಇಲ್ಲದ್ದು. ತನ್ನ ನೀರಿನಲ್ಲೇ ಮುಳುಗಿರುವಂತೆ ಮೇಲೊಂದು ಭಾರ. ಜನವರಿ ಒಂದರಂದು ನಮ್ಮಲ್ಲಿ ಅದಕ್ಕೆ ಆಲೂಗಡ್ಡೆ ಜೊತೆ, ಮೇಲೆ ಇಂಗಿನ ಒಗ್ಗರಣೆ. ಇದುವರೆಗೆ ವರ್ಷಗಳು ಕೆಟ್ಟಿಲ್ಲ.

4. ಕೊಪ್ಪರಿಗೆಯ ಮುಂದೆ ನಿಂತವರು ಕೊಪ್ಪರಿಗೆಯನ್ನೇ ನೋಡಬೇಕು

ಆಪಲ್ ಬಟರ್‌ನಲ್ಲಿ ಬೆಣ್ಣೆ ಇಲ್ಲ. ಸೇಬಿನ ರಸದಲ್ಲಿ ಸೇಬನ್ನೇ ಬೇಯಿಸಿ, ಗೊಟಾಯಿಸಿ, ಕಪ್ಪುಗೆಂಪಾಗುವವರೆಗೆ ಇಳಿಸಿದ ಲೇಹ್ಯ ಅದು. ಬ್ರೆಡ್ಡಿಗೆ ಬೆಣ್ಣೆಯಂತೆ ಹಚ್ಚಿಕೊಳ್ಳುತ್ತಾರೆ, ಆದ್ದರಿಂದ ಆ ಹೆಸರು. ಪೆನ್ಸಿಲ್ವೇನಿಯಾ ಡಚ್‌ನಲ್ಲಿ ಲಾಟ್‌ವಾರಿಕ್. ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಹಣ್ಣಿನ ಸಿಹಿಯನ್ನೇ ಇಂಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುವ ದಾರಿ ಇದು.

ಅಕ್ಟೋಬರ್‌ನ ಒಂದು ಶನಿವಾರ. ಹಿಂದಿನ ಸಂಜೆಯೇ ಹೆಂಗಸರು ಮಕ್ಕಳು ಕೂತು ಬುಟ್ಟಿಗಟ್ಟಲೆ ಸೇಬು ಸುಲಿದು ಹೋಳು ಮಾಡಿದ್ದರು. ಬೆಳಕು ಹರಿಯುವ ಮೊದಲೇ ಅಂಗಳದಲ್ಲಿ ಬೆಂಕಿ. ಮೇಲೆ ತಾಮ್ರದ ಕೊಪ್ಪರಿಗೆ, ಒಳಗೆಲ್ಲ ವಿನೆಗರ್ ಉಪ್ಪು ಹಾಕಿ ತಿಕ್ಕಿ ಹೊಸ ಪೈಸೆಯಂತೆ ಮಾಡಿದ್ದು. ಮೊದಲು ರಸ ಕುದಿದು ಅರ್ಧಕ್ಕೆ ಇಳಿಯಬೇಕು. ಆಮೇಲೆ ಹೋಳು, ಸ್ವಲ್ಪ ಸ್ವಲ್ಪವಾಗಿ. ಅಲ್ಲಿಂದ ಮುಂದೆ ಹುಟ್ಟು ನಿಲ್ಲುವ ಹಾಗಿಲ್ಲ. ಹುಟ್ಟು ಎಂದರೆ ಆಳುದ್ದದ ಕೋಲಿಗೆ ಅಡ್ಡವಾಗಿ ಜೋಡಿಸಿದ, ತೂತು ಕೊರೆದ ಹಲಗೆ. ಕೋಲು ಅಷ್ಟುದ್ದ ಇರುವುದು ಬೆಂಕಿಯ ಝಳದಿಂದ, ಹಾರುವ ಬಿಸಿಪಾಕದಿಂದ ದೂರ ನಿಲ್ಲಲು. ಅಂಚಿನ ಸುತ್ತ ಎರಡು ಸಲ, ನಡುವೆ ಒಂದು ಸಲ, ಮತ್ತೆ ಅಂಚು. ಮಧ್ಯಾಹ್ನದ ಹೊತ್ತಿಗೆ ಬಣ್ಣ ತಿರುಗಿತು. ದಾಲ್ಚಿನ್ನಿ, ಲವಂಗ ಬಿತ್ತು. ನನಗಂತೂ ಆಲೆಮನೆಯ ನೆನಪು. ಅದೇ ಹೊಗೆ, ಅದೇ ಗುಳುಗುಳು, ಕೊನೆಗೆ ಅದೇ ಜೋನಿಬೆಲ್ಲದ ಬಣ್ಣ. ಹದ ನೋಡುವುದೂ ಹೆಚ್ಚುಕಡಿಮೆ ಹಾಗೆಯೇ: ತಣ್ಣನೆಯ ತಟ್ಟೆಯ ಮೇಲೆ ಒಂದು ಚಮಚ ಬಿಟ್ಟರೆ ಸುತ್ತ ನೀರಿನ ಉಂಗುರ ಮೂಡಬಾರದು.

ನನ್ನ ಸರದಿ ಬಂತು. ಇಪ್ಪತ್ತು ನಿಮಿಷ ತಿರುವಿದೆ. ಆಗ ಬಿಸಿಲು ಓರೆಯಾಗಿ ಹಬೆಯ ಮೇಲೆ ಬಿತ್ತು ನೋಡಿ, ಆಯಿಗೆ ಕಳಿಸೋಣ ಅನ್ನಿಸಿತು. ಆಮಿಶರ ಮುಖದ ಫೋಟೋ ತೆಗೆಯಬಾರದು, ಗೊತ್ತು. ಕೊಪ್ಪರಿಗೆಯದ್ದು ತೆಗೆಯಬಹುದಲ್ಲ ಎಂದು ಕೋಲನ್ನು ಕಂಕುಳಿಗೆ ಸಿಕ್ಕಿಸಿ ಫೋನು ತೆಗೆದೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಮತ್ತೆ ಹುಟ್ಟು ಎಳೆದಾಗ ತಳದಲ್ಲಿ ಏನೋ ತಡೆಯಿತು, ಒಂದು ಕಪ್ಪು ಚೂರು ಮೇಲೆ ತೇಲಿತು. ಅಡಿ ಹಿಡಿದಿತ್ತು. ಹತ್ತು ಗಂಟೆಯ ಕೆಲಸ, ಎಂಟು ಮನೆಯ ಪಾಲು. ಯಾರೂ ಒಂದು ಮಾತೂ ಆಡಲಿಲ್ಲ. ಬೆಂಕಿ ಎಳೆದು, ಮೇಲಿನದ್ದನ್ನು ತಳ ಕೆದಕದೆ ಬಗ್ಗಿಸಿಕೊಂಡರು. ಆ ವರ್ಷದ ಜಾಡಿಗಳಲ್ಲೆಲ್ಲ ಒಂದು ಎಳೆ ಸೀದ ವಾಸನೆ ಉಳಿಯಿತು. ಮುಂದಿನ ವರ್ಷ ನನಗೆ ಸೇಬಿನ ಬೀಜ ತೆಗೆಯುವ ಕೆಲಸ ಕೊಟ್ಟರು. ಅದರ ಮುಂದಿನ ವರ್ಷವೂ. ಮತ್ತೆ ಹುಟ್ಟು ಕೈಗೆ ಬರಲು ನಾಲ್ಕು ಅಕ್ಟೋಬರ್ ಕಾಯಬೇಕಾಯಿತು.

5. ಚೌಚೌಗೆ ಪ್ರತಿ ತರಕಾರಿ ಬೇರೆ ಬೇಯಬೇಕು

ಮೊದಲ ಹಿಮ ಬೀಳುವ ಮುನ್ನ ತೋಟದಲ್ಲಿ ಉಳಿದ ಹಿಡಿ ಬೀನ್ಸ್, ಅರ್ಧ ಹೂಕೋಸು, ನಾಲ್ಕು ದಪ್ಪ ಮೆಣಸಿನಕಾಯಿ, ಕ್ಯಾರೆಟ್, ಸೆಲೆರಿ, ಜೋಳದ ಕಾಳು, ಎಲ್ಲ ಸೇರಿ ಚೌಚೌ. ಒಟ್ಟಿಗೆ ಬೇಯಿಸಿದರೆ ಹೂಕೋಸು ಕರಗಿ ಕ್ಯಾರೆಟ್ ಹಸಿ ಉಳಿಯುತ್ತದೆ. ಒಂದೊಂದನ್ನೂ ಕಡಿಯುವ ಹದಕ್ಕೆ ಬೇಯಿಸಿ ತೆಗೆದು, ಕೊನೆಗೆ ವಿನೆಗರ್, ಸಕ್ಕರೆ, ಸಾಸಿವೆ, ಅರಿಶಿನದ ಪಾಕಕ್ಕೆ ಸೇರಿಸುವುದು. ವಿನೆಗರ್ ಶೇಕಡಾ 5ರ ಹುಳಿಯದ್ದೇ ಆಗಬೇಕು. ಸಕ್ಕರೆ ಕಡಿಮೆ ಮಾಡಬಹುದು, ವಿನೆಗರ್ ಕಡಿಮೆ ಮಾಡಬಾರದು. ಮೆಣಸಿನಪುಡಿ ನಿಮ್ಮ ಇಷ್ಟ.

6. ಸೇಬಿನ ಪಕ್ಕ ಆಲೂಗಡ್ಡೆ ಬೇಡ

ಜಾಡಿಗೆ ತುಂಬದೆ ನೆಲಮಾಳಿಗೆಯಲ್ಲಿ ಹಾಗೇ ಇಡುವಾಗ, ಹಣ್ಣಾಗುವ ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಆಲೂಗಡ್ಡೆ ಕೆಡಬಹುದು. ಕ್ಯಾರೆಟ್ ಒದ್ದೆ ಮರಳಿನಲ್ಲಿ ಹೂತಿಡಿ, ಈರುಳ್ಳಿ ಒಣ ಜಾಗದಲ್ಲಿ ತೂಗುಹಾಕಿ. ಇಷ್ಟೇ.

7. 'ಅಜ್ಜಿಯ ಕಾಲದ್ದು' ಎಂಬ ಚೀಟಿಯನ್ನು ನಂಬಬೇಡಿ

ಹೆದ್ದಾರಿ ಬದಿಯ ಪ್ರವಾಸಿ ಅಂಗಡಿಗಳಲ್ಲಿ ಕುದುರೆ ಗಾಡಿಯ ಚಿತ್ರ ಅಂಟಿಸಿದ ಜಾಡಿಗಳು ರಾಶಿ ಬಿದ್ದಿರುತ್ತವೆ. ಪೆನ್ಸಿಲ್ವೇನಿಯಾ ಡಚ್ ಊಟದಲ್ಲಿ ಏಳು ಸಿಹಿ ಏಳು ಹುಳಿ ಇರಲೇಬೇಕು ಎಂದು ಫಲಕ ಹಾಕಿರುತ್ತಾರೆ. ನಾನು ಉಂಡ ಯಾವ ಮನೆಯಲ್ಲೂ ಯಾರೂ ಎಣಿಸಿದ್ದು ಕಾಣೆ.

ನಿಜವಾದ ಆಮಿಶ್ ಅಡುಗೆಮನೆ ಪ್ರವಾಸಿಗರ ಕಲ್ಪನೆಗೆ ಸ್ವಲ್ಪ ನಿರಾಸೆ ತರುವಂಥದ್ದು. ಅಲ್ಲಿ ಪೊಟ್ಟಣದ ಪುಡಿಂಗ್ ಇದೆ, ಬಣ್ಣದ ಜೆಲ್ಲಿ ಇದೆ, ಡಬ್ಬಿಯ ಅಣಬೆ ಸೂಪ್ ಇದೆ, ಗ್ಯಾಸಿನಿಂದ ಓಡುವ ಫ್ರಿಜ್ ಇದೆ. ಎರಡು ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲೇ ಪ್ರಾರ್ಥನೆ ನಡೆಯುತ್ತದೆ, ಅವರಿಗೆ ಚರ್ಚ್ ಕಟ್ಟಡವಿಲ್ಲ. ಆಮೇಲಿನ ಊಟಕ್ಕೆ ಬ್ರೆಡ್ಡು, ಉಪ್ಪಿನಕಾಯಿ, ಬೀಟ್‌ರೂಟು, ಶ್ನಿಟ್ಸ್ ಪೈ, ಕಾಫಿ, ಜೊತೆಗೆ ಕಡಲೆಕಾಯಿ ಬೆಣ್ಣೆಗೆ ಅಂಗಡಿಯ ಮಾರ್ಷ್‌ಮ್ಯಾಲೋ ಕ್ರೀಮ್ ಕಲಸಿದ ಒಂದು ಅಂಟು. ಅದು ಯಾರ ಮುತ್ತಜ್ಜಿಯ ಪಾಕವೂ ಅಲ್ಲ. ಮಕ್ಕಳು ಅದಕ್ಕೇ ಮುಗಿಬೀಳುತ್ತಾರೆ. ನಾನೂ.

ಜಾಡಿಯ ಕಥೆಯೂ ಹಾಗೆಯೇ. ತಿರುಪಿನ ಬಾಯಿಯ ಗಾಜಿನ ಜಾಡಿಗೆ ಜಾನ್ ಲ್ಯಾಂಡಿಸ್ ಮೇಸನ್ ಎಂಬವರು ಪೇಟೆಂಟ್ ಪಡೆದದ್ದು 1858ರಲ್ಲಿ. ಇವತ್ತಿನ ಚಪ್ಪಟೆ ಮುಚ್ಚಳ ಮತ್ತು ಅದನ್ನು ಬಿಗಿಹಿಡಿಯುವ ತಿರುಪಿನ ಬಳೆಯ ಜೋಡಿ 20ನೇ ಶತಮಾನದ್ದು. ಆಮಿಶರು ಇಲ್ಲಿಗೆ ಬಂದು ನೂರು ವರ್ಷ ಕಳೆದ ಮೇಲೆ ಬಂದ ಯಂತ್ರಯುಗದ ವಸ್ತು ಇದು. ಬೇಕಾದದ್ದನ್ನು ಅಳೆದು ನೋಡಿ ಒಳಗೆ ಬಿಟ್ಟುಕೊಂಡರು, ಬೇಡದ್ದನ್ನು ಹೊರಗೆ ನಿಲ್ಲಿಸಿದರು. ಮಾಮ್ಮಿಗೆ ತಮ್ಮ ಪ್ರೆಶರ್ ಕ್ಯಾನರ್ ಮೇಲೆ ಇರುವಷ್ಟು ಅಭಿಮಾನ ತಾಯಿ ಬಿಟ್ಟುಹೋದ ಕಲ್ಲಿನ ಭರಣಿಯ ಮೇಲಿಲ್ಲ. ಭರಣಿಯಲ್ಲಿ ಈಗ ಛತ್ರಿಗಳಿವೆ.

8. ಮಾರ್ಚ್‌ನಲ್ಲಿ ಶೂಫ್ಲೈ ಪೈ

ಹಣ್ಣಿನ ಜಾಡಿಗಳು ಮುಗಿದು, ತೋಟದಲ್ಲಿ ರೂಬಾರ್ಬ್ ಇನ್ನೂ ಚಿಗುರದ ಆ ಬರಗಾಲಕ್ಕೆ ಈ ಪೈ. ಕಾಕಂಬಿ, ಮೈದಾ, ಕಂದು ಸಕ್ಕರೆ, ಅಡುಗೆ ಸೋಡಾ. ಎಲ್ಲ ಕಪಾಟಿನಲ್ಲೇ ಇರುವಂಥವು. ತಳ ಒದ್ದೆಯಾಗಿ, ಮೇಲೆ ಪುಡಿಪುಡಿಯಾಗಿ ಬರಬೇಕು. ಬೆಳಿಗ್ಗೆ ಕಾಫಿಯ ಜೊತೆ ತಿನ್ನುವುದು. ಪೈ ಮುಗಿದರೆ ಇಲ್ಲಿಯ ಇಂಗ್ಲಿಷ್‌ನಲ್ಲಿ 'ಪೈ ಈಸ್ ಆಲ್' ಎನ್ನುತ್ತಾರೆ, ಜರ್ಮನಿನ ನೆರಳು. ನನ್ನ ಮಕ್ಕಳು ಈಗ "ಅಮ್ಮ, ಸಾರು ಆಲ್" ಎನ್ನುತ್ತಾರೆ.

9. ಸದ್ದು ಕೇಳಿ, ಬೆರಳಲ್ಲಿ ಒತ್ತಿ

ಜಾಡಿಗಳನ್ನು ಬಿಸಿನೀರಿನಿಂದ ಎತ್ತಿ ಟವೆಲ್ ಮೇಲೆ ಸಾಲಾಗಿಡಿ, ಒಂದಕ್ಕೊಂದು ತಾಗದಂತೆ. ಅಡುಗೆಮನೆ ಬಿಟ್ಟು ಹೋಗಬೇಡಿ. ಸ್ವಲ್ಪ ಹೊತ್ತಿಗೆ 'ಟಿಣ್' ಎಂದು ಒಂದು ಮುಚ್ಚಳ ಒಳಕ್ಕೆ ಎಳೆದುಕೊಳ್ಳುತ್ತದೆ. ಮತ್ತೊಂದು. ಮಾಮ್ಮಿ ಹೆಣಿಗೆ ಹಿಡಿದು ಕೂತೇ ಎಣಿಸುತ್ತಾರೆ: ಐದು, ಆರು. ಏಳನೆಯದು ಬರದಿದ್ದರೆ ತಲೆ ಎತ್ತುತ್ತಾರೆ. ಮಾರನೆಯ ದಿನ ಮುಚ್ಚಳದ ನಡುವೆ ಬೆರಳಿಟ್ಟು ಒತ್ತಿದಾಗ ಅದು ಕೆಳಗೆ ಹೋಗಿ ಮೇಲೆ ಬಂದರೆ ಆ ಜಾಡಿ ಫ್ರಿಜ್ಜಿಗೆ, ಆ ವಾರದ ಊಟಕ್ಕೆ. ಬಳೆ ಎಷ್ಟು ಸಲವಾದರೂ ಬಳಸಿ, ಚಪ್ಪಟೆ ಮುಚ್ಚಳ ಮಾತ್ರ ಒಂದೇ ಸಲ. ಇದರಲ್ಲಿ ಜಿಪುಣತನ ತೋರಿ ಆರು ಜಾಡಿ ಪೀಚ್ ಕಳೆದುಕೊಂಡವಳ ಮಾತು ಕೇಳಿ.

ಶುರು ಮಾಡುವವರು ಸೇಬಿನ ಸಾಸ್‌ನಿಂದಲೇ ಶುರು ಮಾಡಿ. ಅದರಲ್ಲಿ ಹುಳಿ ಇದೆ, ಪ್ರೆಶರ್ ಬೇಕಿಲ್ಲ. 21 ಪೌಂಡ್, ಅಂದರೆ ಸುಮಾರು ಒಂಬತ್ತೂವರೆ ಕೆಜಿ ಸೇಬಿಗೆ ಏಳು ಕ್ವಾರ್ಟ್ ಜಾಡಿ ಬರುತ್ತದೆ, ಜಾಡಿ ಕುದಿಸುವ ಒಂದು ಪಾತ್ರೆಗೆ ಹಿಡಿಯುವುದೂ ಏಳೇ. ಬಿಸಿ ಸಾಸನ್ನು ಮೇಲೆ ಅರ್ಧ ಇಂಚು ಬಿಟ್ಟು ತುಂಬಿ, ಜಾಡಿ ಪೂರ್ತಿ ಮುಳುಗುವಷ್ಟು ಕುದಿಯುವ ನೀರಿನಲ್ಲಿ 20 ನಿಮಿಷ ಇಡಿ. ಬೆಂಗಳೂರಿನಲ್ಲಿ ಮಾಡುವವರು 30 ನಿಮಿಷ ಕೊಡಿ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಆ ಊರಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮನೆಯ ಅನ್ನದ ಕುಕ್ಕರಿನಲ್ಲಿ ಬೀನ್ಸ್ ಜಾಡಿ ಕಟ್ಟಲು ಮಾತ್ರ ದಯವಿಟ್ಟು ಹೋಗಬೇಡಿ. ಅದು ಬೇಗ ಬಿಸಿಯಾಗಿ ಬೇಗ ತಣಿಯುತ್ತದೆ, ಪ್ರೆಶರ್ ಕ್ಯಾನರ್‌ನ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಮುಚ್ಚಳದ ಮೇಲೆ ತಿಂಗಳು, ವರ್ಷ ಬರೆಯಿರಿ. ಎಷ್ಟು ಜಾಡಿ ಕಟ್ಟಿದಿರಿ ಎಂಬುದನ್ನು ಬಾಗಿಲ ಹಿಂದೆ.